ಅಟ್ಟ ಹತ್ತಿದ ಈಳಿಗೆಮಣೆಯನ್ನು ಕೆಳಗಿಳಿಸುವ ಬಗೆ

ಓದುವಷ್ಟು ದೃಷ್ಟಿ ಪೂರ್ತಿ ಕೈಕೊಟ್ಟಾಗ ನನಗೆ ನಲವತ್ತಾರು ವರ್ಷ. ಅದಾಗಿ ಒಂದೇ ವಾರಕ್ಕೆ ಮನೆಯ ಈಳಿಗೆಮಣೆ ಮಾಯವಾಯಿತು. ಕೇಳಿದರೆ "ಸಾಣೆಗೆ ಕೊಟ್ಟಿದೆ" ಅಂದರು. ಮೂರು ತಿಂಗಳು ಸಾಣೆ ಹಿಡಿಸಿಕೊಳ್ಳುವ ಈಳಿಗೆ ಯಾವ ಲೋಕದಲ್ಲಿದೆ? ಕೊನೆಗೆ ನಾದಿನಿಯ ಮಗ, ಆರು ವರ್ಷದ ಪೋರ, ಗುಟ್ಟು ರಟ್ಟು ಮಾಡಿದ: "ಅತ್ತೇ, ಅದು ಅಟ್ಟದ ಮೇಲೆ ಗೋಣಿಚೀಲದೊಳಗೆ ಮಲಗಿದೆ."

ಮನೆಯವರು ಕೆಟ್ಟವರಲ್ಲ. ಪ್ರೀತಿಯಿಂದಲೇ ಬಚ್ಚಿಟ್ಟದ್ದು. ಆದರೆ ಈಳಿಗೆಯ ಹಿಂದೆಯೇ ಹಾಲು ಕಾಯಿಸುವುದು ಅಟ್ಟ ಹತ್ತಿತು, ಹೂ ಕೊಯ್ಯುವುದು ಹತ್ತಿತು, ಪೇಟೆಗೆ ಹೋಗುವುದು ಹತ್ತಿತು. ನನ್ನ ಪಾಲಿಗೆ ಉಳಿದದ್ದು ಜಗಲಿಯ ಕುರ್ಚಿ, ಒಳಗಿನಿಂದ ಬರುವ ಟೀವಿ ಸದ್ದು. ಹೋದ ಸಾಮಾನನ್ನೆಲ್ಲ ಒಂದೊಂದಾಗಿ ಹೇಗೆ ಕೆಳಗಿಳಿಸಿಕೊಂಡೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಹುಟ್ಟಿನಿಂದಲೇ ಕಣ್ಣಿಲ್ಲದವರಿಗೆ ನನ್ನ ಪಾಠ ಬೇಕಿಲ್ಲ, ನಾನೇ ಅವರಿಂದ ಕಲಿತವಳು. ನಡುವಯಸ್ಸಿನಲ್ಲಿ ಕಣ್ಣು ಹೋಗಿ, ಕೈಕಟ್ಟಿ ಕೂತವರಿಗೆ ಇದು.

ನನ್ನದು ಆರ್‌ಪಿ, ಅಂದರೆ ರೆಟಿನೈಟಿಸ್ ಪಿಗ್ಮೆಂಟೋಸಾ. ಹುಡುಗಿಯಾಗಿದ್ದಾಗ ಮುಸ್ಸಂಜೆ ಕೊಟ್ಟಿಗೆಯಿಂದ ಮನೆಗೆ ಬರುವಾಗ ಎಡವುತ್ತಿದ್ದೆ. ಇರುಳುಗಣ್ಣು ಅಂತ ಹೇಳಿ ರಾಶಿ ಸೊಪ್ಪು, ಕ್ಯಾರೆಟ್ ತಿನ್ನಿಸಿದರು. ಸೊಪ್ಪಿನಿಂದ ವಾಸಿಯಾಗುವ ಇರುಳುಗಣ್ಣು ಬೇರೆ, ಇದು ಬೇರೆ ಅಂತ ಗೊತ್ತಾಗುವಷ್ಟರಲ್ಲಿ ನಾನು ಸಾಗರದ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಾಗಿತ್ತು. ಡಾಕ್ಟರು ಮೊದಲು ಕೇಳಿದ್ದೇ "ಅಪ್ಪ ಅಮ್ಮ ಸಂಬಂಧದೊಳಗೆ ಮದುವೆಯಾದವರಾ?" ಅಂತ. ಹೌದು, ಅಮ್ಮ ತನ್ನ ಸೋದರಮಾವನನ್ನೇ ಆದವಳು. ಈ ಕಾಯಿಲೆಯಲ್ಲಿ ನೋಟ ಸುತ್ತಲಿನಿಂದ ಒಳಕ್ಕೆ ಕುಗ್ಗುತ್ತ ಬರುತ್ತದೆ. ಈಗ ನನ್ನ ಎಡಗಣ್ಣಲ್ಲಿ ಬೀಗದ ಕಿಂಡಿಯಷ್ಟು ಉಳಿದಿದೆ, ಅದೂ ಬಿಸಿಲಿದ್ದರೆ. ಬಲಗಣ್ಣಲ್ಲಿ ಬೆಳಕು ಬಂತು, ಹೋಯಿತು ಅನ್ನುವಷ್ಟು.

ಆ ಕಿಂಡಿಯ ಕಾರಣಕ್ಕೇ ಒಂದು ಕಚೇರಿಯಲ್ಲಿ "ನನ್ನ ಮುಖ ನೋಡಿಯೇ ಮಾತಾಡ್ತೀರಲ್ಲ, ನಿಮಗೆಂಥ ಅಂಗವೈಕಲ್ಯ?" ಅಂತ ಕೇಳಿಸಿಕೊಂಡೆ. ಹಾಗೆ ಯಾರಾದರೂ ಅಂದರೆ ತಲೆ ತಗ್ಗಿಸಿ ಬರಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಷ್ಟು ಸಣ್ಣ ಅಕ್ಷರ ಓದುತ್ತೀರಿ ಅನ್ನುವುದನ್ನು ಮಾತ್ರ ಕೇಳುವುದಿಲ್ಲ, ನೋಟದ ಅಗಲವನ್ನೂ ಕೇಳುತ್ತದೆ. ಅಗಲ 10 ಡಿಗ್ರಿಗಿಂತ ಕಡಿಮೆಯಾದರೆ ಅದು ಅಂಧತ್ವವೇ. 40 ಡಿಗ್ರಿಗಿಂತ ಕಡಿಮೆಯಾಗಿ 10ರ ತನಕ ಇದ್ದರೆ ಮಂದದೃಷ್ಟಿ. ಕಣ್ಣಿನ ಡಾಕ್ಟರ ಹತ್ತಿರ ಫೀಲ್ಡ್ ಟೆಸ್ಟ್, ಅಂದರೆ ನೋಟದ ಅಗಲ ಅಳೆಯುವ ಪರೀಕ್ಷೆ, ಮಾಡಿಸಿ ಆ ಕಾಗದ ಜೊತೆಗೆ ಒಯ್ಯಿರಿ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಸಿಕ್ಕಿದ ಮೇಲೆ ಬಸ್ ಪಾಸು, ಮಾಸಾಶನ ಕೇಳುವಾಗ ಅಂಗವೈಕಲ್ಯದ ಪುರಾವೆಯಾಗಿ ಅದನ್ನು ತೋರಿಸಬಹುದು.

ಈಗ ಅಡುಗೆಮನೆ.

ಮೊದಲು ಇಳಿಸಬೇಕಾದದ್ದು ಈಳಿಗೆಮಣೆಯನ್ನೇ. ಕಣ್ಣಿಲ್ಲದವರಿಗೆ ಚಾಕುವೇ ಸುರಕ್ಷಿತ ಅಂತ ಜನ ತಿಳಿದಿದ್ದಾರೆ, ನಾನು ಒಪ್ಪುವುದಿಲ್ಲ. ಚಾಕು ಕೈಯ ಜೊತೆ ಓಡಾಡುತ್ತದೆ, ಅಲಗು ಈಗ ಎಲ್ಲಿದೆ ಅಂತ ಪ್ರತಿ ಸಲ ಯೋಚಿಸಬೇಕು. ಈಳಿಗೆಯ ಅಲಗು ಕೂತಲ್ಲೇ ಕೂತಿರುತ್ತದೆ, ಓಡಾಡುವುದು ಬೆಂಡೆಕಾಯಿ. ನಾನು ಮಾಡುವುದು ಹೀಗೆ: ಗೋಡೆಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತು, ಮಣೆಯನ್ನು ಬಲತೊಡೆಯ ಕೆಳಗೆ ಒತ್ತಿ ಹಿಡಿಯುತ್ತೇನೆ. ಮಣೆಯಿಂದ ಮೇಲಕ್ಕೆ ಅಲಗಿನ ಬೆನ್ನನ್ನು, ಅಂದರೆ ಮೊಂಡು ಬದಿಯನ್ನು, ಒಮ್ಮೆ ಸವರಿ ಎತ್ತರ ಗೊತ್ತು ಮಾಡಿಕೊಳ್ಳುತ್ತೇನೆ. ಆಮೇಲೆ ಅಲಗಿನತ್ತ ಬೆರಳು ಒಂಟಿಯಾಗಿ ಹೋಗುವಂತಿಲ್ಲ, ತರಕಾರಿ ಮುಂದೆ, ಬೆರಳು ಹಿಂದೆ. ಎರಡು ಕೈಯಲ್ಲೂ ಹಿಡಿದು ತಳ್ಳುವುದು. ತುಂಡು ಎರಡು ಬೆರಳಗಲಕ್ಕಿಂತ ಚಿಕ್ಕದಾಯಿತೋ, ಅದನ್ನು ಬಿಟ್ಟುಬಿಡುವುದು. ಆ ಕೊನೆಯ ಚೂರಿನ ಆಸೆಗೇ ಬೆರಳು ಕೊಯ್ದುಕೊಳ್ಳುವುದು, ಕಣ್ಣಿದ್ದವರೂ. ಕೆಲಸ ಮುಗಿದ ತಕ್ಷಣ ಅಲಗು ಗೋಡೆಯ ಕಡೆಗಿರುವಂತೆ ಮಲಗಿಸಿಡಬೇಕು, ಮತ್ತು ಅದನ್ನು ನಾನೊಬ್ಬಳೇ ಎತ್ತಬೇಕು. ಮನೆಯಲ್ಲಿ ಬೇರೆ ಯಾರೂ ಅದರ ಜಾಗ ಬದಲಿಸಬಾರದು. ಐದು ವರ್ಷದಲ್ಲಿ ಎರಡು ಸಲ ರಕ್ತ ಬಂದಿದೆ. ಕಣ್ಣಿದ್ದಾಗ ವರ್ಷಕ್ಕೆ ಎರಡು ಸಲ ಬರುತ್ತಿತ್ತು.

ದೋಸೆಯಲ್ಲಿ ಮಸಾಲೆದೋಸೆ ಕಷ್ಟ, ಹರಡಬೇಕು, ತೆಳ್ಳಗೆ ಬರಬೇಕು, ಮಗುಚಬೇಕು. ನೀರುದೋಸೆ ಹಿಡಿಯಿರಿ. ಅದನ್ನು ಹರಡುವುದೂ ಇಲ್ಲ, ಮಗುಚುವುದೂ ಇಲ್ಲ. ಅಕ್ಕಿ ನೆನೆಸಿ, ಸ್ವಲ್ಪ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆಯಷ್ಟು ನೀರು ಮಾಡಿಕೊಳ್ಳುವುದು. ಕಾವಲಿಗೆ ಎರಡು ಹನಿ ನೀರು ಚಿಮುಕಿಸಿ ಕೇಳಿ: ಸುಮ್ಮನೆ "ಸ್ಸ್" ಅಂತ ಎಳೆದರೆ ಕಾದಿಲ್ಲ. "ಚಟ್" ಅಂತ ಹಾರಿದರೆ ಕಾದಿದೆ. ಕಾವಲಿಯ ಹಿಡಿ ಯಾವಾಗಲೂ ನನ್ನ ಎಡಕ್ಕೆ. ಅದರಿಂದ ಅಂಚು ಎಲ್ಲಿದೆ ಅಂತ ಅಂದಾಜಾಗುತ್ತದೆ. ಸೌಟಿನಿಂದ ಅಂಚಿನ ಸುತ್ತ ಹೊಯ್ದು ಕೊನೆಗೆ ನಡುವಿಗೆ. ಹೊಯ್ದಾಗ ಜೋರು ಸದ್ದು. ಮುಚ್ಚಳ ಹಾಕಿದ ಮೇಲೆ ಒಳಗೆ ಗೊಣಗಾಟ. ಗೊಣಗಾಟ ನಿಂತು ಸಣ್ಣ ಚಿಟಿಚಿಟಿ ಶುರುವಾಯಿತೆಂದರೆ ಅಂಚು ಎದ್ದಿದೆ. ಸಟ್ಟುಗ ತೂರಿಸಿ ಮಡಚಿ ತೆಗೆಯುವುದು. ಮೊದಲ ವಾರ ನನ್ನ ದೋಸೆಗಳು ಕರ್ನಾಟಕದ ನಕಾಶೆಯ ಹಾಗಿದ್ದವಂತೆ, ಬೀದರ್ ಕಡೆ ಉದ್ದ. ತಿಂದವರು ಯಾರೂ ಬಿಟ್ಟಿಲ್ಲ.

ಉಳಿದ ಸಣ್ಣಪುಟ್ಟವು: ಹಾಲಿನ ಪಾತ್ರೆಯೊಳಗೆ ಒಂದು ಪುಟ್ಟ ಸ್ಟೀಲ್ ಬಟ್ಟಲು ಬೋರಲು ಹಾಕಿದರೆ ಉಕ್ಕುವ ಮುಂಚೆ ಗಡಗಡ ಅನ್ನುತ್ತದೆ. ಲೋಟಕ್ಕೆ ನೀರು ಹೊಯ್ಯುವಾಗ ತುಂಬುತ್ತ ಬಂದಂತೆ ಸದ್ದು ಸಣ್ಣಗಾಗಿ ಮೇಲೇರುತ್ತದೆ, ಕಿವಿಗೆ ನಾಲ್ಕು ದಿನದಲ್ಲಿ ಅಭ್ಯಾಸವಾಗುತ್ತದೆ. ಕಾಫಿಗೆ ಮಾತ್ರ ಅಂದಾಜು ನಂಬಬೇಡಿ, ಲೋಟವನ್ನು ಅಗಲ ತಟ್ಟೆಯೊಳಗಿಟ್ಟು ಹೊಯ್ಯಿರಿ. ಸಕ್ಕರೆ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಉಪ್ಪಿಗೆ ಎರಡು. ಗುಳಿಗೆಯ ಪಟ್ಟಿಗಳಲ್ಲಿ ಬೆಳಗಿನದರ ಮೂಲೆ ಕತ್ತರಿಸಿದ್ದೇನೆ, ರಾತ್ರಿಯದು ಇಡಿಯಾಗಿದೆ. ಅಡುಗೆಗೆ ನಿಲ್ಲುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೈಲಾನ್ ಬಟ್ಟೆ ಬೇಡ.

ಊಟಕ್ಕೆ ಕೂತಾಗಿನ ಸಂಗತಿ ನನಗೆ ತುಂಬಾ ಇಷ್ಟವಾದದ್ದು. ಬೆಂಗಳೂರಿನಲ್ಲಿ ಒಂದು ತರಬೇತಿಗೆ ಹೋಗಿದ್ದಾಗ, ತಟ್ಟೆಯನ್ನು ಗಡಿಯಾರ ಅಂದುಕೊಳ್ಳಿ, ಮೂರು ಗಂಟೆಗೆ ಪಲ್ಯ, ಆರು ಗಂಟೆಗೆ ಅನ್ನ ಅಂತ ಕಲಿಸಿದರು. ಒಳ್ಳೆಯ ಉಪಾಯವೇ. ಆದರೆ ನಮ್ಮ ಬಾಳೆಯೆಲೆಗೆ ಗಡಿಯಾರದ ಹಂಗೇ ಇಲ್ಲ. ಎಲೆಯ ತುದಿ ಎಡಕ್ಕೆ. ನಮ್ಮ ಕಡೆ ಮೇಲಿನ ಎಡ ತುದಿಯಲ್ಲಿ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಹಾಗೇ ಬಲಕ್ಕೆ ಸರಿದರೆ ಕೋಸಂಬರಿ, ಪಲ್ಯ. ಕೆಳಗೆ ಬಲಮೂಲೆಯಲ್ಲಿ ಪಾಯಸ, ನಡುವೆ ಅನ್ನ. ಬಡಿಸುವವರು ಕ್ರಮ ತಪ್ಪಿದರೆ ಹಿರಿಯರು ಬೈಯುತ್ತಾರೆ. ಆ ಬೈಗುಳದಿಂದಾಗಿ ನಾನು ಯಾವ ಮದುವೆ ಮನೆಯಲ್ಲೂ ಯಾರನ್ನೂ ಕೇಳದೆ ಉಣ್ಣುತ್ತೇನೆ. ನನ್ನ ಹಾಗೆ ಸ್ವಲ್ಪ ದೃಷ್ಟಿ ಉಳಿದವರಿಗೆ ಇನ್ನೊಂದು ಲಾಭವಿದೆ: ಸ್ಟೀಲ್ ತಟ್ಟೆಯಲ್ಲಿ ಬಿಳಿ ಅನ್ನ ಕಾಣುವುದಿಲ್ಲ, ಹಸಿರೆಲೆಯ ಮೇಲೆ ಕಾಣುತ್ತದೆ. ಮನೆಯಲ್ಲಿ ದಿನಾ ಎಲೆ ಆಗದಿದ್ದರೆ ಕಡುನೀಲಿ ಅಥವಾ ಕಡುಹಸಿರು ತಟ್ಟೆ ತನ್ನಿ. ಹಾಲಿಗೆ ಕಪ್ಪು ಲೋಟ, ಕಾಫಿಗೆ ಬಿಳಿ ಲೋಟ. ಬಚ್ಚಲಿನ ಬಿಳಿ ಗೋಡೆಯ ಮುಂದೆ ಬಿಳಿ ಚೊಂಬು ಇಡಬೇಡಿ.

ಹೊಟ್ಟೆ ತುಂಬಿದ ಮೇಲೆ ಹೊತ್ತು ಹೋಗಬೇಕಲ್ಲ. ಕಣ್ಣು ಹೋದವರಿಗೆ ಅತಿ ದೊಡ್ಡ ಕಾಯಿಲೆ ಮಧ್ಯಾಹ್ನ ಎರಡರಿಂದ ಐದು. ನನ್ನ ಮಟ್ಟಿಗೆ ಅದಕ್ಕೆ ಮದ್ದು ಚೆನ್ನೆಮಣೆ.

ಅತ್ತೆಯ ತವರಿನಿಂದ ಬಂದ ಹಲಸಿನ ಮರದ ಚೆನ್ನೆಮಣೆ ನಮ್ಮಲ್ಲಿತ್ತು. ಅದೂ ಅಟ್ಟದ ಮೇಲೆಯೇ. ಈಳಿಗೆ ಹುಡುಕಲು ಹೋದ ಪೋರನ ಕೈಗೆ ಅದೇ ಗೋಣಿಚೀಲದಲ್ಲಿ ಸಿಕ್ಕಿತು. ಎರಡು ಸಾಲು, ಸಾಲಿಗೆ 7 ಗುಳಿ. ಗುಳಿಗೆ 4 ಹುಣಸೆಬೀಜದಂತೆ 56 ಬೀಜ. ನಿಮ್ಮ ಗುಳಿ ಒಂದರಿಂದ ಬೀಜಗಳನ್ನೆಲ್ಲ ಎತ್ತಿ ಬಲಕ್ಕೆ ಒಂದೊಂದು ಗುಳಿಗೆ ಒಂದೊಂದು ಬಿಡುತ್ತಾ ಹೋಗುವುದು. ಮುಗಿದಾಗ ಮುಂದಿನ ಗುಳಿಯಿಂದ ಎತ್ತಿ ಮತ್ತೆ ಬಿಡುವುದು. ಮುಂದಿನ ಗುಳಿ ಬರಿದಾಗಿದ್ದರೆ ನಿಲ್ಲುವುದು, ಅದರಾಚೆಯ ಗುಳಿಯಲ್ಲಿದ್ದದ್ದು ನಿಮ್ಮ ಪಾಲು. ಊರಿಗೊಂದು ಕ್ರಮವಿದೆ, ನಮ್ಮ ಮನೆಯದು ಇದು. ಇದರಲ್ಲಿ ನೋಡುವಂಥದ್ದು ಏನೂ ಇಲ್ಲ, ಎಲ್ಲ ಬೆರಳಿಗೆ ಸಿಗುವಂಥದ್ದೇ.

ಕಣ್ಣಿಲ್ಲದೆ ಆಡಲು ನಾಲ್ಕು ಕಟ್ಟಳೆ ಮಾಡಿಕೊಳ್ಳಿ. ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರುವುದಿಲ್ಲ. ನನ್ನ ಸರದಿ ಬಂದಾಗ ಎದುರಾಳಿಯ ಎರಡೂ ಕೈ ಅವರ ಮಡಿಲಲ್ಲಿರಬೇಕು, ನಾನು ಹದಿನಾಲ್ಕೂ ಗುಳಿ ಸವರಿ ಮುಗಿಸುವ ತನಕ. ಎದುರಾಳಿ ಆಡುವಾಗ ಎಷ್ಟನೇ ಗುಳಿಯಿಂದ ಎತ್ತಿದೆ ಅಂತ ಬಾಯಿಬಿಟ್ಟು ಹೇಳಬೇಕು. ಮತ್ತು ಬೀಜ ಇಡುವಂತಿಲ್ಲ, ಬೀಳಿಸಬೇಕು. ಬರಿ ಗುಳಿಗೆ ಬಿದ್ದರೆ ಮರದ "ಟಕ್", ಬೀಜದ ಮೇಲೆ ಬಿದ್ದರೆ "ಚಿಕ್". ಆ ಸದ್ದು ಎಣಿಸುತ್ತಾ ಕೂತರೆ ಎದುರಾಳಿಯ ಲೆಕ್ಕ ತಲೆಯೊಳಗೇ ನಡೆಯುತ್ತದೆ. ಕೊನೆಯ ಕಟ್ಟಳೆ ಹುಟ್ಟಿದ್ದು ಒಂದು ಮೋಸದಿಂದ. ಪೋರ ಬೀಜವನ್ನು ಬೆಕ್ಕಿನ ಹಾಗೆ ಸದ್ದಿಲ್ಲದೆ ಇಟ್ಟು, ಒಂದೇ ಗುಳಿಗೆ ಎರಡೆರಡು ಸೇರಿಸುತ್ತಿದ್ದ. ಸತತ ಆರು ಆಟ ಸೋತ ಮೇಲೆ ನನಗೆ ಸಂಶಯ ಬಂತು. ತುಳುನಾಡಿನ ಅಬ್ಬಗ ದಾರಗ ಅನ್ನುವ ಅವಳಿ ಹೆಣ್ಣುಮಕ್ಕಳು ಚೆನ್ನೆಯಾಟದಲ್ಲೇ ಜಗಳ ಬಿದ್ದು ಜೀವ ಕಳೆದುಕೊಂಡರು ಅಂತ ಕಥೆಯಿದೆ. ಆ ದಿನ ಅದು ಉತ್ಪ್ರೇಕ್ಷೆ ಅನ್ನಿಸಲಿಲ್ಲ.

ಚೌಕಾಬಾರವೂ ಸುಲಭ. ಕವಡೆ ಬೋರಲೋ ಅಂಗಾತವೋ ಬೆರಳಿಗೇ ತಿಳಿಯುತ್ತದೆ, ಬಾಯಿಯ ಹಲ್ಲು ತಾಕಿದರೆ ಅಂಗಾತ. ನಾಲ್ಕು ಕವಡೆಯೂ ಬೋರಲಾದರೆ 8. ಮನೆಗಳನ್ನು ಸೀಮೆಸುಣ್ಣದಲ್ಲಿ ಬರೆದರೆ ನಮಗೆ ಪ್ರಯೋಜನವಿಲ್ಲ, ದಪ್ಪ ಬಟ್ಟೆಯ ಮೇಲೆ ಉಲ್ಲನ್ ದಾರದಲ್ಲಿ ಐದೈದು ಮನೆ ಹೊಲಿದು, ಕಟ್ಟೆ ಮನೆಗಳಿಗೆ ಗುಂಡಿ ಹಾಕಿದ್ದೇನೆ. ಕಾಯಿಗಳಿಗೆ ಹುಣಸೆಬೀಜ, ಅಡಿಕೆಹೋಳು, ಬಳೆಚೂರು, ಅಂಗಿಗುಂಡಿ. ಕಾಯಿ ಸವರುವಾಗ ಸರಿಯಬಾರದು ಅಂತ ಅಡಿಯಲ್ಲಿ ಒಂದು ಹನಿ ಜೇನುಮೇಣ.

ಬುದ್ಧಿಯ ಆಟ ಬೇಕೆನ್ನುವವರಿಗೆ ಅಂಧರ ಚದುರಂಗದ ಹಲಗೆ ಸಿಗುತ್ತದೆ. ಕಪ್ಪು ಮನೆಗಳು ಸ್ವಲ್ಪ ಎತ್ತರ, ಪ್ರತಿ ಮನೆಗೂ ತೂತು, ಕಾಯಿಯ ಅಡಿಯಲ್ಲಿ ಮೊಳೆ, ಕಪ್ಪು ಕಾಯಿಗಳ ತಲೆಯ ಮೇಲೊಂದು ಮೊನೆ. ಕಾಯಿಯನ್ನು ಎಷ್ಟು ಸವರಿದರೂ ಸರಿ, ತೂತಿನಿಂದ ಕಿತ್ತರೆ ಮಾತ್ರ ಮುಟ್ಟಿದಂತೆ. ಪಂದ್ಯಗಳಲ್ಲಿ ಇಬ್ಬರಿಗೂ ಬೇರೆ ಬೇರೆ ಹಲಗೆ, ನಡೆಯನ್ನು ಬಾಯಲ್ಲಿ ಹೇಳಬೇಕು. ಎ, ಬಿ, ಸಿ ಅಂದರೆ ಒಂದರ ಬದಲು ಒಂದು ಕೇಳಿಸುತ್ತದೆ ಅಂತ ಆನಾ, ಬೆಲ್ಲಾ, ಸೀಸರ್, ಡೇವಿಡ್ ಅಂತ ಹೆಸರಿಟ್ಟಿದ್ದಾರೆ. ನಮ್ಮ ಶಿವಮೊಗ್ಗದ ಕಿಶನ್ ಗಂಗೊಳ್ಳಿ ಇದರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದವರು. ನಾನು ಕುದುರೆ ಎರಡೂವರೆ ಮನೆ ಓಡುತ್ತದೆ ಅನ್ನುವಲ್ಲಿಗೆ ಕೈಮುಗಿದೆ.

ಮನೆಯಲ್ಲಿ ಹುಡುಗರಿದ್ದು, ಕಣ್ಣಿನ ತೊಂದರೆ ಇದ್ದರೆ ಅವರನ್ನು ಚೆನ್ನೆಮಣೆಯ ಮುಂದೆ ಕೂರಿಸಬೇಡಿ, ಮೈದಾನಕ್ಕೆ ಕಳಿಸಿ. ಅಂಧರ ಕ್ರಿಕೆಟ್ಟಿನ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಗುಂಡುಗಳು, ಉರುಳಿದರೆ ಗಿಲಿಗಿಲಿ. ಬೌಲರ್ ಕೈ ಕೆಳಗಿನಿಂದ ಎಸೆಯಬೇಕು, "ಪ್ಲೇ" ಅಂತ ಕೂಗಬೇಕು. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ತಿ ಕಾಣದವರಿರಬೇಕು, ಅವರು ಹೊಡೆದ ಒಂದು ರನ್ನಿಗೆ ಎರಡು. 2012ರಲ್ಲಿ ಬೆಂಗಳೂರಿನಲ್ಲಿ ಮೊದಲ ಟಿ20 ವಿಶ್ವಕಪ್ ಗೆದ್ದ ತಂಡದ ನಾಯಕ ಶೇಖರ್ ನಾಯ್ಕ್ ನಮ್ಮ ಜಿಲ್ಲೆಯವರೇ, 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಕೊಲಂಬೊದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ತಂಡಕ್ಕೂ ಕರ್ನಾಟಕದ ಹುಡುಗಿಯೇ ನಾಯಕಿ, ದೀಪಿಕಾ ಟಿ.ಸಿ.

ಇನ್ನು ತಾಳಮದ್ದಳೆ. ಯಕ್ಷಗಾನದಿಂದ ವೇಷ, ಕುಣಿತ, ಬಣ್ಣ ಎಲ್ಲ ತೆಗೆದು ಮಾತು, ಹಾಡು, ಚಂಡೆ, ಮದ್ದಳೆ ಮಾತ್ರ ಉಳಿಸಿಕೊಂಡರೆ ತಾಳಮದ್ದಳೆ. ಪಕ್ಕದಲ್ಲಿ ಕೂತ ಕಣ್ಣಿದ್ದವರಿಗೆ ಸಿಗುವುದೂ ಅಷ್ಟೇ, ನನಗೆ ಸಿಗುವುದೂ ಅಷ್ಟೇ. ಆ ಎರಡು ಮೂರು ಗಂಟೆ ನನಗೆ ಯಾರೂ "ಈಗ ಏನಾಯ್ತು ಗೊತ್ತಾ" ಅಂತ ಕಿವಿಯಲ್ಲಿ ಪಿಸುಗುಡಬೇಕಾಗಿಲ್ಲ. ಮೇಳಗಳ ತಿರುಗಾಟ ನಿಂತ ಮೇಲೆ, ಮಳೆಗಾಲದಲ್ಲಿ, ನಮ್ಮ ಸುತ್ತಮುತ್ತಲ ದೇವಸ್ಥಾನಗಳಲ್ಲಿ ಇದರ ಸುಗ್ಗಿ. ಹೋಗುವ ಮುಂಚೆ ಪ್ರಸಂಗ ಯಾವುದು, ಯಾವ ಪಾತ್ರದ ಅರ್ಥ ಯಾರದು ಅಂತ ಕೇಳಿಟ್ಟುಕೊಳ್ಳಿ. ಮೈಕಿನ ಡಬ್ಬದ ಹತ್ತಿರ ಕೂರಬೇಡಿ. ಅಲ್ಲಿ ಎಲ್ಲರ ದನಿಯೂ ಒಂದೇ ದಿಕ್ಕಿನಿಂದ ಬರುತ್ತದೆ. ಮುಂದಿನ ಸಾಲಿನಲ್ಲಿ ಭಾಗವತರ ಎದುರಿಗೆ ಕೂತರೆ ಕೃಷ್ಣ ಎಡಕ್ಕೆ, ಕೌರವ ಬಲಕ್ಕೆ ಅಂತ ಕಿವಿಯೇ ರಂಗ ಕಟ್ಟಿಕೊಳ್ಳುತ್ತದೆ. ಮನೆಯಲ್ಲಿ ಕೇಳಲು ಶೇಣಿ ಗೋಪಾಲಕೃಷ್ಣ ಭಟ್ಟರ ಹಳೆಯ ಧ್ವನಿಮುದ್ರಣಗಳಿವೆ. ಎದುರಾಳಿಯ ಒಂದು ಪದ ಹಿಡಿದು ಅವರು ಎಳೆಯುತ್ತಾ ಹೋಗುವುದನ್ನು ಕೇಳುತ್ತಾ ನಾನು ಎರಡು ಮೊಳ ಮಲ್ಲಿಗೆ ಕಟ್ಟಿಬಿಡುತ್ತೇನೆ. ಹೂ ಕಟ್ಟುವುದಕ್ಕೆ ಕಣ್ಣು ಬೇಕು ಅಂದವರು ಯಾರು? ಬಾಳೆನಾರು ನೆನೆಸಿ, ಮೊಗ್ಗಿನ ತೊಟ್ಟು ಹೆಬ್ಬೆರಳಿಗೆ ಸಿಕ್ಕರೆ ಸಾಕು. ಅಬ್ಬಲಿಗೆ (ಕನಕಾಂಬರ) ಮಾತ್ರ ಯಾರಾದರೂ ತೆಗೆದು ಕೈಗೆ ಕೊಡಬೇಕು, ಅದಕ್ಕೆ ಪರಿಮಳವೇ ಇಲ್ಲ.

ಫೋನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಓದಿ ಕಲಿಯುವಂಥದ್ದಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಯೊಳಗೆ ಟಾಕ್‌ಬ್ಯಾಕ್ ಇದೆ. ಅದರ ಶಾರ್ಟ್‌ಕಟ್ ಹಾಕಿಸಿಕೊಂಡರೆ ಎರಡೂ ವಾಲ್ಯೂಮ್ ಗುಂಡಿ ಮೂರು ಸೆಕೆಂಡು ಒತ್ತಿ ಹಿಡಿದಾಗ ಮಾತಾಡಲು ಶುರು ಮಾಡುತ್ತದೆ. ಒಂದು ಸಲ ಮುಟ್ಟಿದರೆ ಏನಿದೆ ಅಂತ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಬೆರಳನ್ನು ಬಲಕ್ಕೆ ಎಳೆದರೆ ಮುಂದಿನದು, ಎರಡು ಬೆರಳು ಇಟ್ಟು ಎಳೆದರೆ ಪುಟ ಸರಿಯುತ್ತದೆ. ಗೂಗಲ್‌ನ ಕನ್ನಡ ದನಿ ಇಳಿಸಿಕೊಳ್ಳಿ, ವೇಗ ಮೊದಲು ನಿಧಾನ ಇಡಿ. ಆರು ತಿಂಗಳಾದ ಮೇಲೆ ನೀವೇ ಅದನ್ನು ಓಡಿಸುತ್ತೀರಿ. ನನ್ನ ಫೋನ್ ಮಾತಾಡುವುದು ಮನೆಯಲ್ಲಿ ಉಳಿದ ಯಾರಿಗೂ ಅರ್ಥವಾಗುವುದಿಲ್ಲ, ಅದೊಂದು ಲಾಭ. ಕಂಪ್ಯೂಟರಿಗೆ, ಪರದೆಯಲ್ಲಿದ್ದದ್ದನ್ನು ಓದಿ ಹೇಳುವ ಎನ್‌ವಿಡಿಎ ಇದೆ, ಪುಕ್ಕಟೆ. ಇಬ್ಬರು ಅಂಧರೇ ಆಸ್ಟ್ರೇಲಿಯಾದಲ್ಲಿ ಶುರು ಮಾಡಿದ್ದು.

ಇಲ್ಲಿ ಕಣ್ಣಿರುವ ಕನ್ನಡಿಗರಿಗೆ ಒಂದು ಮಾತು. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬರೆದ ಕಡತ ಕಳಿಸಬೇಡಿ. ನಿಮಗೆ ಅದು ಚೆಂದದ ಕನ್ನಡ. ನನ್ನ ಫೋನಿಗೆ ಅದು ಇಂಗ್ಲಿಷ್ ಅಕ್ಷರಗಳ ಹುಚ್ಚು ಸಂತೆ. ನಮ್ಮ ಸಂಘದ ಸಭೆಯ ನೋಟೀಸು ಹಾಗೇ ಬಂದು, ಅರ್ಧ ಗಂಟೆ ಆ ಬಡಬಡಿಕೆ ಕೇಳಿ, ಸಭೆಯೇ ತಪ್ಪಿತು. ಹಾಗೆಯೇ ಗೃಹಪ್ರವೇಶದ ಕರೆಯೋಲೆಯ ಫೋಟೋ ಹಾಕಿ ಸುಮ್ಮನಾಗಬೇಡಿ, ಕೆಳಗೆ ದಿನ, ಜಾಗ, ಹೊತ್ತು ಟೈಪ್ ಮಾಡಿ. ಗೂಗಲ್ ಲೆನ್ಸ್ ಚಿತ್ರದೊಳಗಿನ ಕನ್ನಡ ಓದುತ್ತದೆ ನಿಜ, ಅಲಂಕಾರದ ಬಳ್ಳಿ ಅಕ್ಷರ ಬಂದರೆ ಅದಕ್ಕೂ ಗೊತ್ತಾಗುವುದಿಲ್ಲ.

ಪುಸ್ತಕಕ್ಕೆ 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯ ಇದೆ, ಅಂಗವೈಕಲ್ಯದ ಪ್ರಮಾಣಪತ್ರ ಕೊಟ್ಟು ಸದಸ್ಯರಾಗಬೇಕು. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯಲ್ಲಿ ಓದಿಸಿ ಧ್ವನಿಮುದ್ರಿಸಿದ ಕನ್ನಡ ಪುಸ್ತಕಗಳಿವೆ. ಮನುಷ್ಯರೇ ಓದಿದ್ದು, ಯಂತ್ರವಲ್ಲ. ಕಾದಂಬರಿಗೆ ಅದೇ ಸರಿ.

ದುಡ್ಡು ಎಣಿಸುವುದನ್ನು ಯಾರ ಕೈಗೂ ಬಿಡಬೇಡಿ. ಹೊಸ ನೋಟುಗಳು ಉದ್ದದಲ್ಲಿ ಬೇರೆ ಬೇರೆ: 10ರದ್ದು 123 ಮಿಲಿಮೀಟರ್, 20ರದ್ದು 129, 50ರದ್ದು 135, 100ರದ್ದು 142, 200ರದ್ದು 146, 500ರದ್ದು 150. ಚಿಕ್ಕ ನೋಟುಗಳಲ್ಲಿ ವ್ಯತ್ಯಾಸ ಬೆರಳಿಗೆ ಸಿಗುತ್ತದೆ, 200 ಮತ್ತು 500ರ ನಡುವಿನ 4 ಮಿಲಿಮೀಟರ್ ಸಂತೆಯಲ್ಲಿ ಯಾರಿಗೆ ಸಿಗುತ್ತದೆ? ಅಂಚಿನಲ್ಲಿ ಉಬ್ಬಿದ ಓರೆಗೆರೆಗಳಿವೆ: 100ಕ್ಕೆ ನಾಲ್ಕು, 200ಕ್ಕೆ ನಾಲ್ಕು ಗೆರೆ ನಡುವೆ ಎರಡು ಸೊನ್ನೆ, 500ಕ್ಕೆ ಐದು. ಹೊಸ ನೋಟಿನಲ್ಲಿ ಸರಿ, ಮೀನು ಮಾರುಕಟ್ಟೆ ಸುತ್ತಿ ಬಂದ ನೋಟಿನಲ್ಲಿ ಆ ಗೆರೆ ಎಂದೋ ಸವೆದಿರುತ್ತದೆ. ಒಮ್ಮೆ ಒಂದು ಅಂಗಡಿಯಲ್ಲಿ 500 ಕೊಟ್ಟು, 200ರ ಲೆಕ್ಕದಲ್ಲಿ ಚಿಲ್ಲರೆ ತೆಗೆದುಕೊಂಡು ಬಂದೆ. ಅಂದಿನಿಂದ ಮನೆಯಲ್ಲೇ ಮಡಚಿಕೊಂಡು ಹೊರಡುತ್ತೇನೆ: 100 ಮಡಚುವುದಿಲ್ಲ, 200 ಅಡ್ಡಕ್ಕೆ ಒಂದು ಮಡಿಕೆ, 500 ಉದ್ದಕ್ಕೆ. ಕೊಡುವಾಗ "ಐನೂರು ಕೊಟ್ಟಿದ್ದೇನೆ" ಅಂತ ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತೇನೆ. ಮನೆಗೆ ಬಂದ ಮೇಲೆ ನೋಟು ಗುರುತಿಸಿ ಹೇಳುವ ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್‌ನಲ್ಲಿ ತಾಳೆ ನೋಡುತ್ತೇನೆ. ಅದಕ್ಕೆ ನೆಟ್ ಬೇಡ. 20ರ ನಾಣ್ಯಕ್ಕೆ 12 ಮೂಲೆ, ಅದೊಂದು ಮಾತ್ರ ಪುಣ್ಯದ ಕೆಲಸ.

ಬಿಳಿಕೋಲು ಹಿಡಿಯಲು ನನಗೆ ಎರಡು ವರ್ಷ ನಾಚಿಕೆಯಾಯಿತು. ಎರಡು ವರ್ಷದ ಮೊಣಕಾಲ ಗಾಯದ ಕಲೆ ಈಗಲೂ ಕೈಗೆ ಸಿಗುತ್ತದೆ. ನೆಟ್ಟಗೆ ನಿಲ್ಲಿಸಿದರೆ ಎದೆಗೂಡಿನ ತನಕ ಬರುವ ಕೋಲು ತೆಗೆದುಕೊಳ್ಳಿ. ಎಡಗಾಲು ಮುಂದಿಟ್ಟಾಗ ಕೋಲು ಬಲಕ್ಕೆ, ಬಲಗಾಲಿಗೆ ಎಡಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ನೋಡಿರಬೇಕು. ಚೂಪು ತುದಿ ಮಲೆನಾಡಿನ ಕೆಸರಿಗೆ ಬೇಡ, ಹೂತುಕೊಂಡು ಹೊಟ್ಟೆಗೆ ತಿವಿಯುತ್ತದೆ. ದಪ್ಪ ಉರುಳು ತುದಿ ಹಾಕಿಸಿ. ಆಷಾಢದ ಮಳೆಯಲ್ಲಿ ನಾನು ಒಂಟಿಯಾಗಿ ರಸ್ತೆಗೆ ಇಳಿಯುವುದಿಲ್ಲ. ಮಳೆ ಕಾಲು ಒದ್ದೆ ಮಾಡುವುದಕ್ಕಲ್ಲ, ಬಸ್ಸಿನ ಸದ್ದನ್ನು ನುಂಗುವುದಕ್ಕೆ ಹೆದರಬೇಕು. ಯಾರಾದರೂ ದಾಟಿಸಲು ಬಂದು ನಿಮ್ಮ ರಟ್ಟೆ ಹಿಡಿದು ಎಳೆದರೆ ಬಿಡಿಸಿಕೊಂಡು "ನಿಮ್ಮ ಮೊಣಕೈ ಕೊಡಿ" ಅನ್ನಿ. ಅವರ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆದರೆ ಮೆಟ್ಟಿಲು ಬಂದದ್ದು ಅವರ ಮೈಯಿಂದಲೇ ತಿಳಿಯುತ್ತದೆ. ಇನ್ನು "ನಾನು ಯಾರು ಹೇಳು ನೋಡುವಾ?" ಅಂತ ಹಿಂದಿನಿಂದ ಬಂದು ಪರೀಕ್ಷೆ ಮಾಡುವವರು ಪ್ರತಿ ಊರಲ್ಲೂ ಇದ್ದಾರೆ. ನಾನು ಅವರಿಗೆಲ್ಲ ಒಂದೇ ಉತ್ತರ ಇಟ್ಟುಕೊಂಡಿದ್ದೇನೆ: "ಸಾಲ ವಾಪಸು ಕೊಡಬೇಕಾದವರು ತಾನೆ?" ಎರಡನೇ ಸಲ ಯಾರೂ ಕೇಳಿಲ್ಲ.

ಈ ವಯಸ್ಸಿಗೆ ಬ್ರೈಲ್ ಯಾಕೆ, ಫೋನ್ ಇದೆಯಲ್ಲ ಅನ್ನುತ್ತಾರೆ. ಪುಸ್ತಕ ಓದುವಷ್ಟು ಬರುವುದಿಲ್ಲ ಅನ್ನುವುದು ನಿಜ, ಹೊಲಿಗೆ ಸೂಜಿ ತಿವಿದು ನನ್ನ ಬೆರಳತುದಿ ದಡ್ಡುಗಟ್ಟಿದೆ. ಆದರೆ ಸಾರಿನಪುಡಿ ಡಬ್ಬಿಗೆ ಫೋನ್ ಹಿಡಿಯುತ್ತಾ ಕೂರಲೇ? ಹದಿನೈದು ಅಕ್ಷರ ಕಲಿತೆ, ಸಾಕಾಯಿತು. ಆರು ಚುಕ್ಕಿಯ ಮನೆ, ಎಡ ಸಾಲಿನಲ್ಲಿ ಮೇಲಿನಿಂದ 1, 2, 3, ಬಲ ಸಾಲಿನಲ್ಲಿ 4, 5, 6. ಕ ಅಂದರೆ 1 ಮತ್ತು 3. ಮ ಅಂದರೆ 1, 3, 4. ಲ ಅಂದರೆ 1, 2, 3. ಮೂರನ್ನೂ ಸಾಲಾಗಿಟ್ಟರೆ ಕಮಲ. ಸ್ಲೇಟಿನಲ್ಲಿ ಚುಚ್ಚುವಾಗ ಬಲದಿಂದ ಎಡಕ್ಕೆ ತಿರುಗಾ ಬರೆಯಬೇಕು, ಏಕೆಂದರೆ ಓದುವುದು ಹಾಳೆಯ ಹಿಂಬದಿಯಲ್ಲಿ. ಒಳಮಗ್ಗಲಿಂದ ರವಿಕೆ ಹೊಲಿದವಳಿಗೆ ಇದು ಹೊಸದಾಗಲಿಲ್ಲ. ಕಾಗದ ಅಡುಗೆಮನೆಯ ಹಬೆಗೆ ತಡೆಯುವುದಿಲ್ಲ, ಹಳೆಯ ಎಕ್ಸ್‌ರೇ ಹಾಳೆ ಕತ್ತರಿಸಿ ಚುಚ್ಚಿ ಅಂಟಿಸಿ. ನಮ್ಮ ಮಾವನ ಮುರಿದ ಸೊಂಟ ಈಗ ಮೆಂತ್ಯ, ಸಾಸಿವೆ, ಜೀರಿಗೆಯಾಗಿ ಕಪಾಟಿನಲ್ಲಿದೆ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ, ಅದಕ್ಕೆ ಹೇಳುತ್ತೇನೆ. ಕಣ್ಣು ಹೋದ ಮೊದಲ ವರ್ಷ ಸಂಜೆ ಹೊತ್ತು ಖಾಲಿ ಗೋಡೆಯ ಮೇಲೆ ನನಗೆ ಹೂಬಳ್ಳಿಯ ಜಾಲರಿ ಕಾಣುತ್ತಿತ್ತು, ಸ್ಪಷ್ಟವಾಗಿ, ಬಣ್ಣದ ಸಮೇತ. ಒಂದೆರಡು ಸಲ ಟೋಪಿ ಹಾಕಿದ ಪುಟ್ಟ ಜನ ಸಾಲಾಗಿ ಹೋದರು. ಹುಚ್ಚು ಹಿಡಿಯಿತು ಅಂತ ಬಾಯಿ ಬಿಡಲಿಲ್ಲ. ಹೇಳಿದ್ದರೆ ಯಾರೋ ನಿಂಬೆಹಣ್ಣು ಮಂತ್ರಿಸಲು ಕರೆದೊಯ್ಯುತ್ತಿದ್ದರು. ಇದಕ್ಕೆ ಶಾರ್ಲ್ ಬೊನೆ ಸಿಂಡ್ರೋಮ್ ಅಂತ ಹೆಸರು. 1760ರಲ್ಲೇ ಈ ಶಾರ್ಲ್ ಬೊನೆ ಅನ್ನುವಾತ ತನ್ನ ಅಜ್ಜನಿಗೆ ಹೀಗಾಗುವುದನ್ನು ಬರೆದಿಟ್ಟಿದ್ದಾನೆ. ಕಣ್ಣಿನಿಂದ ಸುದ್ದಿ ಬಾರದಿದ್ದಾಗ ಮೆದುಳು ತಾನೇ ಚಿತ್ರ ಬರೆಯುತ್ತದೆ, ಅಷ್ಟೇ. ಕಾಣುತ್ತದೆ, ಆದರೆ ಮಾತಾಡುವುದಿಲ್ಲ. ಕಣ್ಣಿನ ಡಾಕ್ಟರಿಗೆ ಒಮ್ಮೆ ತಿಳಿಸಿಡಿ. ದೀಪ ಹಾಕಿ, ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿದರೆ ನನಗೆ ಮಾಯವಾಗುತ್ತಿತ್ತು.

ಅಟ್ಟದಿಂದ ಕೊನೆಗೆ ಇಳಿದದ್ದು ನನ್ನ ಹೊಲಿಗೆ ಯಂತ್ರ, ಕಳೆದ ದೀಪಾವಳಿಗೆ. ರವಿಕೆ ಹೊಲಿಯುವ ಕಾಲ ಮುಗಿಯಿತು. ನೇರ ಹೊಲಿಗೆ, ದಿಂಬಿನ ಚೀಲ, ಕೈಚೀಲ, ಇಷ್ಟಕ್ಕೆ ಅಡ್ಡಿಯಿಲ್ಲ. ಬಟ್ಟೆ ನೇರ ಹೋಗಲು ಸೂಜಿಯ ಬಲಕ್ಕೆ ತಟ್ಟೆಯ ಮೇಲೊಂದು ಅಯಸ್ಕಾಂತದ ಪಟ್ಟಿ ಕೂರಿಸಿ, ಅಂಚನ್ನು ಅದಕ್ಕೆ ಒರಗಿಸಿ ತಳ್ಳುವುದು. ಬೆರಳು ಒಳಹೋಗದಂತೆ ಸೂಜಿಗೆ ಗಾರ್ಡ್ ಇರಲಿ. ಕೈಹೊಲಿಗೆಗೆ ತಲೆಯ ಮೇಲೆ ಸೀಳಿರುವ ಸೂಜಿ ಸಿಗುತ್ತದೆ, ದಾರವನ್ನು ಸೀಳಿನ ಮೇಲಿಟ್ಟು ಒತ್ತಿದರೆ ಒಳಗೆ ಬೀಳುತ್ತದೆ. ಮೊದಲ ದಿಂಬಿನ ಚೀಲ ಮುಗಿಸಿ ಎಲ್ಲರಿಗೂ ತೋರಿಸಿದೆ, ಎಲ್ಲರೂ ಹೊಗಳಿದರು. ಮೂರನೇ ದಿನ ಪೋರ ಬಂದು "ಅತ್ತೇ, ಇದರ ಮೇಲಿನ ನೂಲು ಹಸಿರು, ಕೆಳಗಿನದು ಕೆಂಪು, ಬೇಕಂತಲೇ ಹಾಕಿದ್ದಾ?" ಅಂತ ಕೇಳಿದ. ಈಗ ಹಸಿರು ಉರುಳೆಗೆ ಒಂದು ರಬ್ಬರ್ ಬ್ಯಾಂಡ್, ಕೆಂಪಿಗೆ ಎರಡು, ಬಿಳಿ ಹಾಗೇ ಬಿಟ್ಟಿದ್ದೇನೆ.